ಕಡಲ ಫೋಟೋ ಎಲ್ಲಾ ‘ಸಾಫ್ಟ್’ ಅಂತ ವಾಪಸ್ ಬರುತ್ತಿವೆ, ಏನು ಮಾಡಲಿ?

ಕಾಳಿತೀರ (ಕಾರವಾರ):
ತಲೆ ಕೆಟ್ಟುಹೋಗಿದೆ. ಹಗಲು ಬ್ಯಾಂಕ್ ಕೆಲಸ. ರಾತ್ರಿ ಊಟ ಆದಮೇಲೆ ಕೂತು ಫೋಟೋ ತಿದ್ದಿ, ಒಂದೊಂದಕ್ಕೂ ಕೀವರ್ಡ್ ಬರೆದು, ಫೋಟೋ ಮಾರಿಕೊಡುವ ಸ್ಟಾಕ್ ಏಜೆನ್ಸಿಗೆ ಹಾಕುತ್ತೇನೆ. ಹೋದ ವಾರ 20 ಕಳಿಸಿದೆ. ಟಾಗೋರ್ ಕಡಲತೀರ, ಮಾಜಾಳಿ, ತಿಳಮಾತಿಯ ಕಪ್ಪು ಮರಳು. 17 ವಾಪಸ್. ಎಲ್ಲದಕ್ಕೂ ಒಂದೇ ಕಾರಣ, ಫೋಟೋ ಸಾಫ್ಟ್, ಅಂದ್ರೆ ಮಸುಕು ಅಂತೆ. ಫೋಕಸ್ ಸರಿಯಾಗೇ ಇದೆ! ನಿಕಾನ್ ಡಿ5600, ಜತೆಗೆ ಬಂದ 18-55 ಲೆನ್ಸ್, ಟ್ರೈಪಾಡ್ ಮೇಲೇ ತೆಗೆದದ್ದು. ಮನೆಯ ಟಿವಿಗೆ ಹಾಕಿದರೆ ಚೆನ್ನಾಗೇ ಕಾಣುತ್ತವೆ. ಇನ್ನೇನು ಬೇಕು ಇವರಿಗೆ?

ಅಂಕೋಲೆ ಅಣ್ಣ:
ಲೆನ್ಸಿಗೆ ಫಂಗಸ್ (ಬೂಷ್ಟು) ಹಿಡಿದಿದೆ. ಬೇರೆ ಏನೂ ಅಲ್ಲ. ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಚೀಲದೊಳಗೆ ಇಟ್ಟರೆ ಮುಗಿಯಿತು. ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಹಾಗೆ ಕಾಣುತ್ತದೆ.

ಕಾಳಿತೀರ:
ನೋಡಿದೆ ಅಣ್ಣ. ಅಂಚಿನಲ್ಲಿ ಎರಡು ಸಣ್ಣ ಚುಕ್ಕೆ ಇವೆ. ಅದೇನಾ?

ಅಂಕೋಲೆ ಅಣ್ಣ:
ಅದೇ. ನಾನು ಹೇಳಲಿಲ್ವಾ? ನನ್ನ ಹಳೇ 50 ಎಂಎಂ ಹೀಗೇ ಹಾಳಾಯಿತು. ಬೇಗ ಕ್ಲೀನ್ ಮಾಡಿಸಿ.

ತೋಟದಮನೆ (ಶಿರಸಿ):
ಅಂಚಿನ ಎರಡು ಚುಕ್ಕೆಗೆ ಇಡೀ ಫೋಟೋ ಸಾಫ್ಟ್ ಆಗುವುದಿಲ್ಲ. ಫಂಗಸ್ ಜಾಸ್ತಿ ಆದರೆ ಮೊದಲು ಕಾಂಟ್ರಾಸ್ಟ್ ಹೋಗುತ್ತದೆ, ಸೂರ್ಯನಿಗೆ ಎದುರು ತೆಗೆದಾಗ ಮಂಜು ಕವಿದ ಹಾಗೆ ಕಾಣುತ್ತದೆ. ಆ 17 ಹಾಗಿವೆಯಾ? ಇನ್ನೊಂದು, ಟಿವಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಫುಲ್ ಎಚ್‌ಡಿ ಟಿವಿ ಅಂದ್ರೆ 2 ಮೆಗಾಪಿಕ್ಸೆಲ್. ನಿಮ್ಮ ಫೋಟೋ 24. ಕಂಪ್ಯೂಟರಿನಲ್ಲಿ 100 ಶೇಕಡಾಕ್ಕೆ ಹಿಗ್ಗಿಸಿ ನೋಡಿ.

ಕುಮಟೆ ಕ್ಲಿಕ್:
ಫಂಗಸ್ ಮಾತು ಬಂತಲ್ಲ, ಅದಕ್ಕೇ ಹೇಳುತ್ತೇನೆ. ನಾನು 30 ಲೀಟರಿನ ಡ್ರೈ ಕ್ಯಾಬಿನೆಟ್, ಅಂದ್ರೆ ಒಳಗಿನ ತೇವ ಹದದಲ್ಲಿಡುವ ಪೆಟ್ಟಿಗೆ, ತಂದಿದ್ದೇನೆ. ಸದಾ 45 ಶೇಕಡಾ ತೇವ. ಮೂರು ಲೆನ್ಸ್, ಎರಡು ಕ್ಯಾಮೆರಾ ಬಾಡಿ ಒಳಗೇ ಇರುತ್ತವೆ. ನಾಲ್ಕು ಮಳೆಗಾಲ ಆಯಿತು, ಒಂದು ಚುಕ್ಕೆ ಇಲ್ಲ.

ಅಂಕೋಲೆ ಅಣ್ಣ:
ಅಷ್ಟು ದುಡ್ಡು ಯಾಕೆ? ಅಕ್ಕಿ ಡಬ್ಬಿಯಲ್ಲಿ ಇಟ್ಟರೂ ಸಾಕು.

ಕುಮಟೆ ಕ್ಲಿಕ್:
ದಯವಿಟ್ಟು ಅಕ್ಕಿ ಅಂತ ಹೇಳಬೇಡಿ. ಅಕ್ಕಿಯ ಧೂಳು ಜೂಮ್ ರಿಂಗಿನ ಸಂದಿಗೆ ಹೋಗುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ಒಂದು ತೇವ ಅಳೆಯುವ ಮೀಟರ್. ಇಷ್ಟು ಸಾಕು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.

ತೋಟದಮನೆ (ಶಿರಸಿ):
ಡಬ್ಬಿ ವಿಷಯ ಆಮೇಲೆ ಮಾತಾಡೋಣ. ಅವರ ಪ್ರಶ್ನೆ ಅಲ್ಲೇ ಇದೆ.

ಕುಮಟೆ ಕ್ಲಿಕ್:
ಹಾಗಾದ್ರೆ ನಿಮಗೇ ಒಂದು ಪ್ರಶ್ನೆ. ಯಕ್ಷಗಾನ ವೇಷದ ಫೋಟೋಗೆ ಮಾಡೆಲ್ ರಿಲೀಸ್ (ಫೋಟೋದಲ್ಲಿರುವವರ ಒಪ್ಪಿಗೆ ಪತ್ರ) ಬೇಕಾ? ಮುಖದ ತುಂಬ ಬಣ್ಣ ಇರುತ್ತದಲ್ಲ, ಯಾರು ಅಂತ ಗೊತ್ತಾಗುವುದಿಲ್ಲ.

ತೋಟದಮನೆ (ಶಿರಸಿ):
ಗೊತ್ತಾಗುವುದಿಲ್ಲ ಅಂತ ಹೇಗೆ ಹೇಳ್ತೀರಿ? ನಮ್ಮೂರಲ್ಲಿ ಮಕ್ಕಳೂ ಹೆಜ್ಜೆ ನೋಡಿ, ವೇಷ ನೋಡಿ ಕಲಾವಿದರ ಹೆಸರು ಹೇಳುತ್ತಾರೆ. ಜಾಹೀರಾತಿಗೆ ಮಾರುವುದಾದರೆ ಅವರ ಸಹಿ ತೆಗೆದುಕೊಳ್ಳಿ. ಇಲ್ಲದಿದ್ರೆ ಎಡಿಟೋರಿಯಲ್ (ಸುದ್ದಿ, ಲೇಖನಕ್ಕೆ ಮಾತ್ರ) ಅಂತ ಹಾಕಿ. ರಾತ್ರಿಯಿಡೀ ಕುಣಿದವರ ಮುಖ ಅದು, ಕೇಳದೆ ಮಾರುವುದು ಸರಿಯಲ್ಲ.

ಶರಾವತಿ ಅಕ್ಕ (ಹೊನ್ನಾವರ):
ಎಲ್ಲಾ ಓದಿದೆ. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಪಾಸಾದ ಆ ಮೂರು ಯಾವುವು? ಎಫ್ ನಂಬರ್, ಅಂದ್ರೆ ಲೆನ್ಸಿನ ಕಂಡಿಯ ಅಳತೆ, ಎಷ್ಟು? ಶಟರ್ ಎಷ್ಟು ಹೊತ್ತು ತೆರೆದಿತ್ತು? ವಾಪಸ್ ಬಂದವುಗಳದ್ದೂ ಹಾಕಿ ತಮ್ಮಾ.

ಕಾಳಿತೀರ:
ಪಾಸಾದವು ಬೈತಖೋಲಿನ ದೋಣಿಗಳು ಅಕ್ಕ. ಬೆಳಿಗ್ಗೆ, ಕೈಯಲ್ಲೇ ಹಿಡಿದದ್ದು, ಎಫ್ 8. ವಾಪಸ್ ಬಂದವೆಲ್ಲ ಸಂಜೆಯವು, ಎಫ್ 22, ಅರ್ಧ ಸೆಕೆಂಡ್. ಅಲೆ ಹಾಲಿನ ಹಾಗೆ ಬರಬೇಕು ಅಂದ್ರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಅದಕ್ಕೆ 22 ಇಡಲೇಬೇಕಲ್ಲ. ಅದಕ್ಕೇ ಬೇರೆ ಹೇಳಲಿಲ್ಲ.

ಶರಾವತಿ ಅಕ್ಕ (ಹೊನ್ನಾವರ):
ಅಲ್ಲೇ ಇದೆ. ಅದೇ ಲೆನ್ಸಿನಲ್ಲಿ ಮೂರು ಪಾಸಾಗಿವೆ ಅಂದ್ರೆ ತಪ್ಪು ಲೆನ್ಸಿನದಲ್ಲ. ಎಫ್ 22 ಅಂದ್ರೆ ಕಂಡಿ ತುಂಬ ಸಣ್ಣದು. ಅಷ್ಟು ಸಣ್ಣ ಕಂಡಿಯಿಂದ ಬರುವಾಗ ಬೆಳಕು ಹರಡುತ್ತದೆ. ಡಿಫ್ರಾಕ್ಷನ್ ಅನ್ನುತ್ತಾರೆ. ನಿಮ್ಮ ಸೆನ್ಸರಿನಲ್ಲಿ ಒಂದು ಬೆಳಕಿನ ಚುಕ್ಕೆ ಎಫ್ 8ರಲ್ಲಿ ಸುಮಾರು 3 ಪಿಕ್ಸೆಲ್ ಅಗಲ, 22ರಲ್ಲಿ 7ಕ್ಕಿಂತ ಜಾಸ್ತಿ. ಎಷ್ಟು ಒಳ್ಳೆಯ ಲೆನ್ಸ್ ಹಾಕಿದರೂ ಅಷ್ಟೇ.

8ರಿಂದ 22ಕ್ಕೆ ಹೋದಾಗ ಬೆಳಕು ಎಂಟರಲ್ಲಿ ಒಂದು ಪಾಲಾಗುತ್ತದೆ. ಒಂದು ಎನ್‌ಡಿ8 ಫಿಲ್ಟರ್, ಅಂದ್ರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಅದೇ ಕೆಲಸ ಮಾಡುತ್ತದೆ. ಎಫ್ 8 ಇಟ್ಟು ಫಿಲ್ಟರ್ ಹಾಕಿ, ಅದೇ ಅರ್ಧ ಸೆಕೆಂಡ್ ಸಿಗುತ್ತದೆ.

ಅಂಕೋಲೆ ಅಣ್ಣ:
ಇರಬಹುದು. ಆದ್ರೆ ಫಂಗಸ್ ಇರುವುದೂ ಸುಳ್ಳಲ್ಲ.

ತೋಟದಮನೆ (ಶಿರಸಿ):
ನನಗೆ ಟ್ರೈಪಾಡ್ ಮೇಲೂ ಅನುಮಾನ. ಒದ್ದೆ ಮರಳಿನಲ್ಲಿ ಅಲೆ ಬಂದು ಹೋದ ಹಾಗೆಲ್ಲ ಕಾಲು ಇಳಿಯುತ್ತದೆ. ಅರ್ಧ ಸೆಕೆಂಡಿನಲ್ಲಿ ಕೂದಲೆಳೆ ಅಲುಗಿದರೂ ಸಾಕು. ವಿಆರ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಕೂಡ ಆಫ್ ಮಾಡಿ. ನಿಮ್ಮದು ನಿಕಾನಿನ ಎಎಫ್-ಪಿ ಮಾದರಿಯ ಲೆನ್ಸ್ ಆದರೆ ಅದರ ಮೇಲೆ ಸ್ವಿಚ್ ಇರುವುದಿಲ್ಲ, ಕ್ಯಾಮೆರಾ ಮೆನುವಿನಲ್ಲಿ ಹುಡುಕಬೇಕು.

ಶರಾವತಿ ಅಕ್ಕ (ಹೊನ್ನಾವರ):
ಮರಳು ಕಾರಣ ಆಗಿದ್ರೆ ಹದಿನೇಳೂ ಒಂದೇ ಹಾಗೆ ಸಾಫ್ಟ್ ಆಗುತ್ತಿರಲಿಲ್ಲ. ಕೆಲವಾದರೂ ಚೆನ್ನಾಗಿ ಬರುತ್ತಿದ್ದವು.

ತೋಟದಮನೆ (ಶಿರಸಿ):
ಒಪ್ಪುವುದಿಲ್ಲ ಅಕ್ಕ. ಎರಡೂ ಸೇರಿರಬಹುದು. ಗಟ್ಟಿ ನೆಲದ ಮೇಲೆ ತೆಗೆದು ನೋಡಲಿ.

ಕಾಳಿತೀರ:
ಭಾನುವಾರ ಕೋಡಿಬಾಗದಲ್ಲಿ ಕಾಂಕ್ರೀಟ್ ಕಟ್ಟೆಯ ಮೇಲೆ ಟ್ರೈಪಾಡ್ ಇಟ್ಟೆ. ವಿಆರ್ ಆಫ್. ನದಿಯಾಚೆ ಸದಾಶಿವಗಡದ ಗುಡ್ಡಕ್ಕೆ ಫೋಕಸ್. 8, 11, 16, 22, ನಾಲ್ಕರಲ್ಲೂ ತೆಗೆದೆ. ಎಂಟರಲ್ಲಿ ತೆಂಗಿನ ಗರಿ ಒಂದೊಂದೂ ಬೇರೆ ಕಾಣುತ್ತದೆ. ಹನ್ನೊಂದರಲ್ಲೂ ಚೆನ್ನಾಗಿದೆ. 22ರಲ್ಲಿ ಎಲ್ಲಾ ಕಲಸಿಹೋಗಿದೆ. ಎರಡು ವರ್ಷದಿಂದ ಹೀಗೇ ತೆಗೆಯುತ್ತಿದ್ದೆ. ಹಳೇ ಕಾಳಿ ಸೇತುವೆಯದ್ದೂ 22ರಲ್ಲೇ ಇದೆ. ಅದು 2024ರ ಆಗಸ್ಟಿನಲ್ಲಿ ಕುಸಿಯಿತಲ್ಲ, ಇನ್ನು ಆ ಫೋಟೋ ಮತ್ತೆ ತೆಗೆಯುವ ಹಾಗಿಲ್ಲ. ಬಹಳ ಬೇಜಾರಾಯಿತು.

ಶರಾವತಿ ಅಕ್ಕ (ಹೊನ್ನಾವರ):
ಅದನ್ನು ಅಳಿಸಬೇಡಿ! 6000ದಿಂದ 4200 ಪಿಕ್ಸೆಲ್ ಅಗಲಕ್ಕೆ ಇಳಿಸಿ. ಸುಮಾರು 12 ಮೆಗಾಪಿಕ್ಸೆಲ್ ಆಗುತ್ತದೆ. ಅಡೋಬಿ ಸ್ಟಾಕಿಗೆ ಕನಿಷ್ಠ 4 ಸಾಕು. ಇಳಿಸಿದಾಗ ಸಾಫ್ಟ್‌ತನ ಬಹಳ ಕಡಿಮೆ ಕಾಣುತ್ತದೆ. ಶಾರ್ಪ್‌ನೆಸ್ ಜಾಸ್ತಿ ಏರಿಸಬೇಡಿ. ಸೇತುವೆಯದ್ದನ್ನು ಎಡಿಟೋರಿಯಲ್ ಅಂತ, ತೆಗೆದ ದಿನಾಂಕ ಬರೆದು ಹಾಕಿ.

ಕಾಳಿತೀರ:
ಇವತ್ತು ರಾತ್ರಿಯೇ ಕೂರುತ್ತೇನೆ ಅಕ್ಕ. ಫಿಲ್ಟರ್ 55 ಎಂಎಂ ತರಿಸಿದ್ದೇನೆ.

ಕುಮಟೆ ಕ್ಲಿಕ್:
ಫಿಲ್ಟರನ್ನೂ ಡಬ್ಬಿಯಲ್ಲೇ ಇಡಿ. ಉಪ್ಪುಗಾಳಿಗೆ ರಿಂಗ್ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಚ್ಚಲು ಆಗುವುದಿಲ್ಲ.

ಅಂಕೋಲೆ ಅಣ್ಣ:
ಅಕ್ಕ ಹೇಳಿದ್ದು ಸರಿ, ಒಪ್ಪಿದೆ. ಆದ್ರೂ ಆ ಎರಡು ಚುಕ್ಕೆ ಬಿಡಬೇಡಿ ಮಾರಾಯ್ರೆ. ಮೃಗಶಿರಾ ಮಳೆ ಹಿಡಿಯುವ ಮುಂಚೆ ಯಾರಿಗಾದರೂ ತೋರಿಸಿ.