‘ಮುಖಪುಟ’, ‘ರಕ್ಷಾಪುಟ’, ‘ಪರಿವಿಡಿ’: ಕಾಲೇಜು ವಾರ್ಷಿಕ ಸಂಚಿಕೆಯ ವಿನ್ಯಾಸದಲ್ಲಿ ಎದ್ದ ಕೆಲವು ಪ್ರಶ್ನೆಗಳು

ಮಾನ್ಯರೇ,

ಮಂಗಳೂರಿನ ಕಾಲೇಜೊಂದರ ವಾರ್ಷಿಕ ಸಂಚಿಕೆಯ ಕೆಲಸದಲ್ಲಿ ವಿದ್ಯಾರ್ಥಿ ಸಂಪಾದಕರ ಜೊತೆಗಿರುವ ಅಧ್ಯಾಪಕ ನಾನು. ಸಂಚಿಕೆಯ ಹೊರ ಹೊದಿಕೆಯನ್ನೂ ಒಳಗಿನ ಲೇಖನಪಟ್ಟಿಯನ್ನೂ ವಿನ್ಯಾಸಗೊಳಿಸುವಾಗ ಮುಖಪುಟ, ರಕ್ಷಾಪುಟ, ಪರಿವಿಡಿ ಎಂಬ ಮೂರು ಪದಗಳ ಬಳಕೆಯ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯಿತು. ಮೂರಕ್ಕೂ ನಿಘಂಟಿನಲ್ಲಿ ಅರ್ಥ ಸಿಗುತ್ತದೆ. ಆದರೆ ಮುದ್ರಣಾಲಯಕ್ಕೆ ಬರೆದುಕೊಡುವ ಚೀಟಿಯಲ್ಲಿ, ಪುಟದ ನೆತ್ತಿಯಲ್ಲಿ, ಚಿತ್ರ ತೆಗೆದವರ ಮತ್ತು ವಿನ್ಯಾಸ ಮಾಡಿದವರ ಹೆಸರು ಹಾಕುವ ಸಾಲಿನಲ್ಲಿ ಯಾವ ಪದವನ್ನು ಬಳಸಬೇಕೆಂಬುದು ನಿಘಂಟಿನಿಂದ ಮಾತ್ರ ಬಗೆಹರಿಯುವ ವಿಷಯವಲ್ಲ. ನನಗೆ ಸರಿಯೆಂದು ತೋರಿದ್ದನ್ನು ಕಾರಣಸಹಿತವಾಗಿ ಮುಂದಿಡುತ್ತಿದ್ದೇನೆ. ಬೇರೆ ಜಿಲ್ಲೆಗಳ ಮುದ್ರಣ ಬಳಕೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಚರ್ಚೆಗೆ ಮೂಲವಾದದ್ದು ಮುದ್ರಕರು ಕೊಟ್ಟ ದರಪಟ್ಟಿ. ಅದರಲ್ಲಿ ‘ಮುಖಪುಟ: 300 ಜಿ.ಎಸ್.ಎಂ. ಆರ್ಟ್ ಕಾರ್ಡ್, ನಾಲ್ಕು ಬಣ್ಣ, ಮ್ಯಾಟ್ ಲ್ಯಾಮಿನೇಷನ್. ಒಳಪುಟಗಳು: 80 ಜಿ.ಎಸ್.ಎಂ. ಮ್ಯಾಪ್‌ಲಿಥೋ, ಒಂದು ಬಣ್ಣ’ ಎಂದು ಬರೆದಿತ್ತು. (ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ; ಆರ್ಟ್ ಕಾರ್ಡ್ ನುಣುಪಾದ ದಪ್ಪ ಕಾಗದ, ಮ್ಯಾಪ್‌ಲಿಥೋ ಒಳಪುಟಗಳಿಗೆ ಬಳಸುವ ತೆಳು ಕಾಗದ.) ವಿನ್ಯಾಸದ ಹೊಣೆ ಹೊತ್ತ ವಿದ್ಯಾರ್ಥಿನಿ ಇದನ್ನು ಓದಿಕೊಂಡು, ಎ4 ಅಳತೆಯ, ಅಂದರೆ 210 ಮಿ.ಮೀ. ಅಗಲ ಮತ್ತು 297 ಮಿ.ಮೀ. ಎತ್ತರದ ಒಂದೇ ಪುಟವನ್ನು ಸಿದ್ಧಪಡಿಸಿ ಕಳುಹಿಸಿದಳು. ಮೇಲೆ ಪತ್ರಿಕೆಯ ಹೆಸರು, ನಡುವೆ ತಣ್ಣೀರುಬಾವಿಯ ಕಡಲತೀರದಲ್ಲಿ ಸಹಪಾಠಿಯೊಬ್ಬ ತೆಗೆದ ಚಿತ್ರ, ಕೆಳಗೆ ವರ್ಷ ಮತ್ತು ಎರಡು ಮುಖ್ಯ ಲೇಖನಗಳ ತಲೆಬರಹ ಇದ್ದವು. ಮರುದಿನ ಮುದ್ರಣಾಲಯದಿಂದ ‘ಮುಖಪುಟ ಪೂರ್ತಿ ಬಂದಿಲ್ಲ’ ಎಂಬ ಕರೆ ಬಂತು. ಅವರ ಪ್ರಕಾರ ಮುಖಪುಟವೆಂದರೆ ಮುಂಭಾಗ, ಹಿಂಭಾಗ ಮತ್ತು ಇವೆರಡರ ನಡುವೆ ಸಂಚಿಕೆಯ ದಪ್ಪದಷ್ಟು ಅಗಲದ ಪಟ್ಟಿ, ಈ ಮೂರೂ ಒಂದೇ ಹರವಿನಲ್ಲಿ ಸೇರಿದ ಕಡತ. ಎ4 ಸಂಚಿಕೆಗೆ ಆ ಹರವು 420 ಮಿ.ಮೀ. ಅಗಲದ ಜೊತೆಗೆ ನಡುಪಟ್ಟಿಯ ಅಗಲವನ್ನೂ ಒಳಗೊಳ್ಳಬೇಕು. ಕತ್ತರಿಸುವಾಗ ಅಂಚಿನಲ್ಲಿ ಬಿಳಿಗೆರೆ ಉಳಿಯದಂತೆ ಸುತ್ತಲೂ 3 ಮಿ.ಮೀ. ಹೆಚ್ಚು ಬಣ್ಣ ಚಾಚಿರಬೇಕು. ಒಂದೇ ಪದವನ್ನು ಇಬ್ಬರೂ ಬಳಸಿದ್ದರು, ಇಬ್ಬರ ಬಳಕೆಗೂ ಕನ್ನಡದಲ್ಲಿ ಆಧಾರವಿತ್ತು.

‘ಮುಖಪುಟ’ ಎಂಬ ಪದವು ಸಾಮಾನ್ಯ ಓದುಗರಿಗೆ ದಿನಪತ್ರಿಕೆಯ ಮೊದಲ ಪುಟವನ್ನು ನೆನಪಿಗೆ ತರುತ್ತದೆ. ದಿನಪತ್ರಿಕೆಗೆ ಬೇರೆಯಾದ ಹೊದಿಕೆ ಇಲ್ಲದಿರುವುದರಿಂದ ಮೊದಲ ಪುಟವೇ ಅದರ ಮುಖ. ಕನ್ನಡದ ಮೊದಲ ಸಮಾಚಾರ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಹೊರಬಂದುದು ನಮ್ಮ ಊರಿನಲ್ಲೇ ಆದ್ದರಿಂದ, ಪತ್ರಿಕೆ ಎಂದೊಡನೆ ಸುದ್ದಿಯ ಹಾಳೆಯನ್ನೇ ನೆನೆಯುವ ರೂಢಿ ಇಲ್ಲಿ ಹಳೆಯದು. ಈಚೆಗೆ ಜಾಲತಾಣದ ಮೊದಲ ಪರದೆಗೂ ಇದೇ ಹೆಸರು ಬಂದಿದೆ. ಹೀಗಾಗಿ ಇಂದಿನ ವಿದ್ಯಾರ್ಥಿಗೆ ಮುಖಪುಟವೆಂದರೆ ಕಣ್ಣೆದುರಿಗೆ ನೇರವಾಗಿ ಕಾಣುವ ಒಂದು ಸಮತಲ. ಅದಕ್ಕೆ ಹಿಂಬದಿ ಇದೆಯೆಂಬ ಕಲ್ಪನೆ ಪದದೊಳಗೆ ಇಲ್ಲವೇ ಇಲ್ಲ. ‘ಮುಖ’ ಎಂಬ ಸಂಸ್ಕೃತ ಶಬ್ದವೂ ಎದುರಿನ ಭಾಗವನ್ನೇ ಹೇಳುತ್ತದೆ. ಹಿಂಭಾಗವನ್ನು ‘ಹಿಂದಿನ ಮುಖಪುಟ’ ಎಂದು ಕೆಲವರು ಬರೆಯುವುದನ್ನು ಕಂಡಿದ್ದೇನೆ. ಹಿಂದಿರುವುದನ್ನು ಮುಖವೆನ್ನುವುದು ಅರ್ಥಕ್ಕೆ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ.

ಇನ್ನು ‘ರಕ್ಷಾಪುಟ’. ವಾರಪತ್ರಿಕೆ, ಮಾಸಪತ್ರಿಕೆಗಳ ಜಾಹೀರಾತು ವಿಭಾಗದವರು ಎರಡನೆಯ ರಕ್ಷಾಪುಟ, ಮೂರನೆಯ ರಕ್ಷಾಪುಟ, ಕೊನೆಯ ರಕ್ಷಾಪುಟ ಎಂದು ಲೆಕ್ಕಹಾಕುತ್ತಾರೆ. ಪುಸ್ತಕಗಳಲ್ಲಿ ‘ರಕ್ಷಾಪುಟ ವಿನ್ಯಾಸ’ ಎಂಬ ಸಾಲು ಇರುತ್ತದೆ. ಒಳಗಿನ ತೆಳ್ಳನೆಯ ಹಾಳೆಗಳನ್ನು ಕಾಪಾಡುವುದು ಎಂಬ ಕೆಲಸವೇ ಈ ಪದಕ್ಕೆ ಹೆಸರು ಕೊಟ್ಟಿದೆ. ದಕ್ಷಿಣ ಕನ್ನಡ ಮತ್ತು ಉಡುಪಿಯ ಶಾಲಾಮಕ್ಕಳು ಜೂನ್ ತಿಂಗಳಲ್ಲಿ ಹೊಸ ಪುಸ್ತಕಗಳಿಗೆ ಕಂದು ಕಾಗದದ ‘ಬೈಂಡ್ ಹಾಕುವುದು’ ಇದೇ ಕಾರಣಕ್ಕೆ. ಅದಕ್ಕೂ ಹಿಂದೆ ತಾಳೆಗರಿಯ ಕಟ್ಟುಗಳಿಗೆ ಮೇಲೊಂದು ಕೆಳಗೊಂದು ಮರದ ಹಲಗೆಯಿಟ್ಟು ದಾರದಿಂದ ಬಿಗಿಯುತ್ತಿದ್ದರು. ಆ ಹಲಗೆಯೂ ರಕ್ಷೆಗಾಗಿಯೇ ಇದ್ದದ್ದು.

ವಿದ್ಯಾರ್ಥಿಯೊಬ್ಬ ಇಲ್ಲಿ ಒಳ್ಳೆಯ ಆಕ್ಷೇಪವೆತ್ತಿದ. ಹಾಳೆಗೆ ಎರಡು ಬದಿ, ಒಂದೊಂದು ಬದಿಯೂ ಒಂದು ಪುಟ. ಹೊದಿಕೆಯಾದರೋ ನಡುವೆ ಮಡಚಿದ ಒಂದು ಹಾಳೆಯಾಗಿದ್ದು ಅದರಲ್ಲಿ ನಾಲ್ಕು ಪುಟಗಳಿರುತ್ತವೆ. ಹಾಗಿರುವಾಗ ಇಡಿಯ ಹೊದಿಕೆಯನ್ನು ಏಕವಚನದಲ್ಲಿ ರಕ್ಷಾಪುಟ ಎನ್ನುವುದು ಹೇಗೆ, ‘ಹೊರಹಾಳೆ’ ಎನ್ನಬಾರದೇ ಎಂದು ಕೇಳಿದ. ‘ಹಾಳೆ’ ಎಂದೊಡನೆ ನಮ್ಮ ತೋಟದ ಕಡೆಯವರಿಗೆ ಅಡಿಕೆ ಹಾಳೆ ನೆನಪಾಗುತ್ತದೆ ಎಂಬುದು ದೊಡ್ಡ ತೊಡಕೇನಲ್ಲ, ಸಂದರ್ಭ ಅರ್ಥವನ್ನು ತಿಳಿಸುತ್ತದೆ. ಆದರೆ ‘ಪುಟ’ವನ್ನು ಬಿಡಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ. ಸಂಸ್ಕೃತದಲ್ಲಿ ‘ಪುಟ’ಕ್ಕೆ ಮಡಿಕೆ, ದೊನ್ನೆಯಂಥ ಕುಳಿ ಎಂಬ ಅರ್ಥಗಳಿವೆ, ಅಂಜಲಿಪುಟ, ನಾಸಾಪುಟ ಎಂಬ ಸಮಾಸಗಳಲ್ಲಿ ಇರುವುದು ಅದೇ. ಎರಡು ಭಾಗಗಳು ಕೂಡಿ ಮುಚ್ಚಿಕೊಳ್ಳುವ ಕರಡಿಗೆ ‘ಸಂಪುಟ’ವಾಗಿ, ಆ ಪದ ಈಗ ಪತ್ರಿಕೆಯ ವರ್ಷದ ಎಣಿಕೆಗೆ ಸಲ್ಲುತ್ತಿದೆ. ಆದ್ದರಿಂದ ರಕ್ಷಾಪುಟವನ್ನು ‘ಕಾಪಾಡುವ ಮಡಿಕೆ’ ಎಂದು ಅರ್ಥಮಾಡಿಕೊಂಡರೆ ನಾಲ್ಕು ಬದಿಯ ಹೊದಿಕೆಗೆ ಅದಕ್ಕಿಂತ ಒಪ್ಪುವ ಪದ ಬೇರೆ ಬೇಕಾಗುವುದಿಲ್ಲ.

ಇದರಿಂದ ನಾವು ಹೀಗೆ ನಿರ್ಧರಿಸಿದೆವು. ಇಡಿಯ ಹೊದಿಕೆ ರಕ್ಷಾಪುಟ. ಅದರಲ್ಲಿ ಓದುಗನ ಎದುರಿಗಿರುವ ಮೊದಲ ಬದಿ ಮಾತ್ರ ಮುಖಪುಟ. ಹೆಸರು ಹಾಕುವ ಸಾಲಿನಲ್ಲಿಯೂ ಈ ಭೇದವನ್ನು ಪಾಲಿಸಿ, ಕಡಲತೀರದ ಚಿತ್ರ ತೆಗೆದವನಿಗೆ ‘ಮುಖಪುಟ ಚಿತ್ರ’ ಎಂದೂ, ನಾಲ್ಕು ಬದಿಗಳನ್ನು ಹೊಂದಿಸಿದವಳಿಗೆ ‘ರಕ್ಷಾಪುಟ ವಿನ್ಯಾಸ’ ಎಂದೂ ಬರೆದಿದ್ದೇವೆ. ಮಾಡಿದ ಕೆಲಸ ಎಷ್ಟೋ ಅಷ್ಟನ್ನೇ ಹೇಳುವ ಪದವನ್ನು ವಿದ್ಯಾರ್ಥಿಗೆ ಕೊಡುವುದು ನ್ಯಾಯವೂ ಹೌದು.

ಎರಡನೆಯ ಪ್ರಶ್ನೆ ನನಗೆ ಇನ್ನೂ ಹೆಚ್ಚು ಮುಖ್ಯವೆನಿಸಿದೆ. ಲೇಖನಗಳ ಪಟ್ಟಿಯಿರುವ ಪುಟವನ್ನು ನಮ್ಮ ವಿದ್ಯಾರ್ಥಿಗಳು ಮಾತಿನಲ್ಲಿ ‘ಇಂಡೆಕ್ಸ್’ ಎನ್ನುತ್ತಾರೆ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ಆ ಪದವೇ ಅಚ್ಚಾಗಿರುವುದರಿಂದ ಅದು ಬಂದಿರಬೇಕು. ಅದನ್ನು ಕನ್ನಡಕ್ಕೆ ತರುವಾಗ ‘ವಿಷಯಸೂಚಿ’, ‘ವಿಷಯಾನುಕ್ರಮಣಿಕೆ’, ‘ಪರಿವಿಡಿ’, ‘ಈ ಸಂಚಿಕೆಯಲ್ಲಿ’ ಎಂಬ ನಾಲ್ಕು ಶೀರ್ಷಿಕೆಗಳು ಮುಂದೆ ಬಂದವು. ವಿನ್ಯಾಸಕಾರ್ತಿಗೆ ಪರಿವಿಡಿಯೇ ಬೇಕಾಗಿತ್ತು, ಅದಕ್ಕೆ ಅವಳು ಕೊಟ್ಟ ಕಾರಣ ಪೂರ್ತಿ ಕಣ್ಣಿನದು. ನಾಲ್ಕೇ ಅಕ್ಷರ, ಒತ್ತಕ್ಷರವಿಲ್ಲ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ, ‘ರಿ’, ‘ವಿ’, ‘ಡಿ’ ಮೂರರ ತಲೆಯ ಮೇಲೂ ಗುಡಿಸು ಒಂದೇ ಲಯದಲ್ಲಿ ಕೂರುತ್ತದೆ. ದಪ್ಪ ಅಕ್ಷರದಲ್ಲಿ ಎಷ್ಟು ಹಿಗ್ಗಿಸಿದರೂ ಕೆಡುವುದಿಲ್ಲ. ಎಂಟು ಅಕ್ಷರದ ‘ವಿಷಯಾನುಕ್ರಮಣಿಕೆ’ಗೆ ಈ ಅನುಕೂಲವಿಲ್ಲ, ‘ಕ್ರ’ದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಕನ್ನಡದ ಪುಟವನ್ನು ವಿನ್ಯಾಸಗೊಳಿಸುವವರು ಹೀಗೆ ಅಕ್ಷರದ ಮೈಕಟ್ಟನ್ನು ನೋಡಿಯೇ ಪದ ಆರಿಸಬೇಕೆಂದು ನಾನೂ ನಂಬುತ್ತೇನೆ.

ಆದರೆ ಅವಳು ಆ ಶೀರ್ಷಿಕೆಯ ಕೆಳಗೆ ಮಾಡಿದ್ದ ವ್ಯವಸ್ಥೆ ಬೇರೆಯಾಗಿತ್ತು. ಈ ಊರಿನ ಕಾಲೇಜು ಸಂಚಿಕೆಗಳಲ್ಲಿ ಕನ್ನಡ, ಇಂಗ್ಲಿಷ್, ಹಿಂದಿಗಳ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಬರಹಗಳೂ ಇರುತ್ತವೆ. ಈ ಕೊನೆಯ ಮೂರು ಇಲ್ಲಿ ಸಾಮಾನ್ಯವಾಗಿ ಕನ್ನಡ ಲಿಪಿಯಲ್ಲಿಯೇ ಅಚ್ಚಾಗುತ್ತವೆ. ಅವಳು ಭಾಷೆಯ ವಿಂಗಡಣೆಯನ್ನು ಬಿಟ್ಟು, ಕಥೆ, ಕವನ, ಸಂದರ್ಶನ, ಪ್ರವಾಸ ಎಂಬ ಬಣ್ಣದ ಚೌಕಗಳನ್ನು ಮಾಡಿ, ಒಂದೊಂದಕ್ಕೂ ಪುಟ್ಟ ಚಿತ್ರವಿಟ್ಟು, ಎಲ್ಲ ಭಾಷೆಗಳ ಬರಹಗಳನ್ನೂ ಅವುಗಳಲ್ಲಿ ಬೆರೆಸಿದ್ದಳು. ತುಳು ಕವನದ ಪಕ್ಕದಲ್ಲೇ ಕೊಂಕಣಿ ಕವನ ಕುಳಿತದ್ದು ನನಗೆ ಬಹಳ ಹಿಡಿಸಿತು. ಆದರೆ ಅದರ ಫಲವಾಗಿ ಪುಟಸಂಖ್ಯೆಗಳು 41, 7, 63, 18 ಎಂದು ಹಿಂದುಮುಂದಾದವು. ಇದನ್ನು ಪರಿವಿಡಿ ಎನ್ನಬಹುದೇ ಎಂಬುದು ನನ್ನ ಪ್ರಶ್ನೆ.

ಹಳೆಯ ಕನ್ನಡದಲ್ಲಿ ಪರಿವಿಡಿ ಎಂದರೆ ಕ್ರಮ, ಸರಣಿ, ಒಂದಾದ ಮೇಲೊಂದು ಬರುವ ಅಚ್ಚುಕಟ್ಟು. ‘ಪರಿ’ ಎಂದರೆ ರೀತಿ, ‘ಪಿಡಿ’ ಎಂದರೆ ಹಿಡಿ. ಬೆಮರ್ ಮತ್ತು ಪನಿ ಸೇರಿ ಬೆಮರ್ವನಿಯಾಗುವಂತೆ ಇಲ್ಲಿಯೂ ಪಕಾರಕ್ಕೆ ವಕಾರ ಬಂದಿದೆಯೆಂದು ಬಿಡಿಸಬಹುದು. ಪದದ ಜೀವ ಇರುವುದು ಕ್ರಮದಲ್ಲಿ. ಸಂಚಿಕೆಯ ಮೊದಲ ಬರಹದಿಂದ ಕೊನೆಯ ಬರಹದವರೆಗೆ ಪುಟದ ಸಾಲು ಹಿಡಿದು ಸಾಗುವ ಪಟ್ಟಿಗೆ ಅದು ಹೇಳಿ ಮಾಡಿಸಿದ ಹೆಸರು. ಚೌಕಗಳಲ್ಲಿ ಹಂಚಿದ ಪಟ್ಟಿ ಹೇಳುವುದು ಏನೇನಿದೆ ಎಂಬುದನ್ನು, ಯಾವುದರ ಹಿಂದೆ ಯಾವುದು ಎಂಬುದನ್ನಲ್ಲ. ಆ ಕೆಲಸಕ್ಕೆ ‘ಸೂಚಿ’, ‘ಸೂಚನೆ’ ಎಂಬ ಪದಗಳು ನಮ್ಮ ಕಾವ್ಯಪರಂಪರೆಯಲ್ಲಿಯೇ ಇವೆ. ಕುಮಾರವ್ಯಾಸನ ಭಾರತದಲ್ಲಿ ಸಂಧಿಗಳ ಆರಂಭದಲ್ಲಿ ‘ಸೂಚನೆ’ ಎಂಬ ಪದ್ಯ ಬರುತ್ತದೆ; ಆ ಸಂಧಿಯಲ್ಲಿ ಏನು ನಡೆಯುತ್ತದೆಯೆಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ. ಮುಂದೆ ಓದಬೇಕೆಂಬ ಆಸೆ ಹುಟ್ಟಿಸುವ ಪಟ್ಟಿಗೆ ಈ ಮಾತು ಒಪ್ಪುತ್ತದೆ. ಆದರೆ ಇಂದು ‘ಸೂಚಿ’ ಎನ್ನುವುದು ಪದಸೂಚಿ, ಲೇಖಕಸೂಚಿ ಎಂದು ಪುಸ್ತಕದ ಕೊನೆಯ ಅಕಾರಾದಿ ಪಟ್ಟಿಗೆ, ‘ಸೂಚನೆ’ ಎನ್ನುವುದು ಫಲಕದ ಮೇಲಿನ ಪ್ರಕಟಣೆಗೆ ಸಲ್ಲುತ್ತಿರುವುದರಿಂದ, ಎರಡನ್ನೂ ಶೀರ್ಷಿಕೆಯಾಗಿ ಇಡಲು ನನಗೆ ಮನಸ್ಸು ಬರಲಿಲ್ಲ.

ಪರಿವಿಡಿಯ ಹಳೆಯ ಅರ್ಥ ಈಗ ಯಾರಿಗೂ ನೆನಪಿಲ್ಲ, ಲೇಖನಪಟ್ಟಿ ಎಂಬುದೇ ಅದರ ರೂಢಾರ್ಥ, ಆದ್ದರಿಂದ ಯಾವ ವ್ಯವಸ್ಥೆಗೂ ಅದು ಸಲ್ಲುತ್ತದೆ ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ರೂಢಿಗೆ ಬೆಲೆಯಿದೆ, ಒಪ್ಪುತ್ತೇನೆ. ಆದರೂ ಆ ಶೀರ್ಷಿಕೆ ಕಂಡ ಓದುಗನ ಕಣ್ಣು ಮೇಲಿನಿಂದ ಕೆಳಗೆ ಏರುವ ಸಂಖ್ಯೆಗಳನ್ನು ನಿರೀಕ್ಷಿಸುತ್ತದೆ. ಪದದ ಅರ್ಥ ಮರೆತಿದ್ದರೂ ಅಭ್ಯಾಸ ಉಳಿದಿದೆ. ಆದ್ದರಿಂದ ಎದುರುಬದುರಿನ ಎರಡು ಪುಟಗಳಲ್ಲಿ ಎಡಕ್ಕೆ ‘ಪರಿವಿಡಿ’ ಎಂಬ ಹೆಸರಿನಲ್ಲಿ ಎಲ್ಲ ಬರಹಗಳನ್ನೂ ಪುಟಕ್ರಮದಲ್ಲಿ ಚಿಕ್ಕ ಅಕ್ಷರದಲ್ಲಿ ಕೊಟ್ಟು, ಬಲಕ್ಕೆ ‘ಈ ಸಂಚಿಕೆಯಲ್ಲಿ’ ಎಂಬ ಹೆಸರಿನಲ್ಲಿ ಅವಳ ಬಣ್ಣದ ಚೌಕಗಳನ್ನು ಹಾಗೆಯೇ ಉಳಿಸಿದ್ದೇವೆ.

ಪಟ್ಟಿಯ ಅಂಕಣಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ‘ಕ್ರ.ಸಂ.’ ಎಂಬ ಕಚೇರಿಯ ಅಂಕಣವನ್ನು ತೆಗೆದೆವು, ಪುಟಸಂಖ್ಯೆಯೇ ಕ್ರಮವನ್ನು ಹೇಳುತ್ತದೆ. ಕವಿಗಳೂ ಇರುವುದರಿಂದ ‘ಲೇಖಕರು’ ಎಂಬುದಕ್ಕೆ ಬದಲಾಗಿ ‘ಬರೆದವರು’ ಎಂದಿಟ್ಟೆವು. ಕನ್ನಡ ಅಂಕಿಗಳು ನನಗೆ ಪ್ರಿಯವಾದರೂ, ಸೊನ್ನೆಯು ಅನುಸ್ವಾರದಂತೆಯೂ ಒಂಬತ್ತು ಅರ್ಕಾವೊತ್ತಿನಂತೆಯೂ ಕಾಣುವ ಅಚ್ಚಿನಲ್ಲಿ, ಹಲವು ಭಾಷೆಗಳ ಬರಹಗಳ ನಡುವೆ, 1, 2, 3 ಎಂಬ ಅಂಕಿಗಳನ್ನೇ ಉಳಿಸಿಕೊಂಡೆವು.

ಬಗೆಹರಿಯದೆ ಉಳಿದಿರುವುದು ರಕ್ಷಾಪುಟದ ನಡುಪಟ್ಟಿಯ ಹೆಸರು. ಮುದ್ರಣಾಲಯದಲ್ಲಿ ಎಲ್ಲರೂ ಅದನ್ನು ‘ಸ್ಪೈನ್’ ಎನ್ನುತ್ತಾರೆ. ‘ಬೆನ್ನು’ ಎಂದರೆ ಸಾಲದೇ ಎಂದು ಮೊದಲು ತೋರುತ್ತದೆ. ಆದರೆ ಮುನ್ನುಡಿಯ ಜೋಡಿಯಾಗಿ ಹುಟ್ಟಿದ ‘ಬೆನ್ನುಡಿ’ ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗುವ ಮಾತಿಗೆ ಈಗಾಗಲೇ ಸಂದಿರುವುದರಿಂದ, ‘ಬೆನ್ನಿನ ಮೇಲೆ ಪತ್ರಿಕೆಯ ಹೆಸರು ಬರಲಿ’ ಎಂದು ಬರೆದುಕೊಟ್ಟರೆ ಅದು ಹಿಂಬದಿಗೆ ಹೋಗುವ ಸಂಭವವಿದೆ. ‘ಬೆನ್ನುಪಟ್ಟಿ’ ಎಂದು ನಾನು ಸದ್ಯಕ್ಕೆ ಬರೆಯುತ್ತಿದ್ದೇನೆ. ಧಾರವಾಡ, ಮೈಸೂರು ಅಥವಾ ಬೇರೆ ಕಡೆಯ ಹಳೆಯ ಬೈಂಡಿಂಗ್ ಕೆಲಸಗಾರರಲ್ಲಿ ಇದಕ್ಕೆ ಬಳಕೆಯ ಕನ್ನಡ ಪದವೊಂದು ಇದ್ದರೆ ದಯವಿಟ್ಟು ತಿಳಿಸಿ. ರಕ್ಷಾಪುಟದ ಕಡತ ಮುದ್ರಣಕ್ಕೆ ಹೋಗುವ ಮೊದಲು ತಿಳಿದರೆ ಈ ಸಂಚಿಕೆಯ ಅಳತೆಯ ಚೀಟಿಯಲ್ಲಿಯೇ ಅದನ್ನು ಬಳಸುತ್ತೇವೆ.