ಡೇವಿಸ್ ಕಪ್ ವರದಿಯಲ್ಲಿ ‘ಟೈ’, ‘ರಬ್ಬರ್’, ‘ಪಂದ್ಯ’: ಯಾವುದಕ್ಕೆ ಯಾವ ಪದ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡೇವಿಸ್ ಕಪ್ ಟೆನಿಸ್ ವರದಿಗಳಲ್ಲಿ ‘ಪಂದ್ಯ’ ಎಂಬ ಒಂದೇ ಪದ ಎರಡು ಬೇರೆ ಸಂಗತಿಗಳಿಗೆ ಬಳಕೆಯಾಗುತ್ತಿದೆ. ‘ನಾಲ್ಕನೇ ಪಂದ್ಯ ಗೆದ್ದ ಭಾರತ ಪಂದ್ಯವನ್ನು 2–2ರಲ್ಲಿ ಸಮ ಮಾಡಿಕೊಂಡಿತು’ ಎಂಬಂಥ ವಾಕ್ಯ ಓದಿದವರಿಗೆ ಯಾವ ಪಂದ್ಯ ಮುಗಿಯಿತು, ಯಾವುದು ಇನ್ನೂ ನಡೆಯುತ್ತಿದೆ ಎಂದು ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ದೇಶಗಳ ನಡುವಿನ ಇಡೀ ಸ್ಪರ್ಧೆಯನ್ನು ‘ಟೈ’ ಎಂದೂ ಅದರೊಳಗಿನ ಒಂದೊಂದು ಸಿಂಗಲ್ಸ್ ಅಥವಾ ಡಬಲ್ಸ್ ಆಟವನ್ನು ‘ರಬ್ಬರ್’ ಎಂದೂ ಕರೆಯುತ್ತಾರೆ. ಅವನ್ನೇ ಕನ್ನಡದಲ್ಲಿ ಬರೆಯೋಣವೆಂದರೆ, ‘ಟೈ’ ಅಂದಕೂಡಲೇ ಕ್ರಿಕೆಟ್ ನೋಡುವವರು ಸಮಬಲ ಎಂದೇ ತಿಳಿಯುತ್ತಾರೆ.

ಈ ಎರಡಕ್ಕೆ ಕನ್ನಡದಲ್ಲಿ ಒಗ್ಗುವ ಪದ ಯಾವುದು? ‘ರಬ್ಬರ್’ ಎನ್ನುವುದು ಟೆನಿಸ್‌ಗೆ ಎಲ್ಲಿಂದ ಬಂತು? ಹಾಗೆಯೇ ‘ಡೆಡ್ ರಬ್ಬರ್’, ‘ರಿವರ್ಸ್ ಸಿಂಗಲ್ಸ್’, ‘ನಾನ್ ಪ್ಲೇಯಿಂಗ್ ಕ್ಯಾಪ್ಟನ್’ ಇವಕ್ಕೆ ಈಗ ಬಳಕೆಯಲ್ಲಿರುವ ರೂಪಗಳು ಸರಿಯೇ? ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ

ನಮಸ್ಕಾರ. ಮೊದಲು ರಬ್ಬರ್ ವಿಷಯ. ಇದಕ್ಕೂ ರಬ್ಬರ್ ಮರಕ್ಕೂ ಚೆಂಡಿನೊಳಗಿನ ರಬ್ಬರಿಗೂ ಸಂಬಂಧವಿಲ್ಲ. ಇಸ್ಪೀಟಿನ ವಿಸ್ಟ್, ಬ್ರಿಜ್ ಆಟಗಳಲ್ಲಿ ಮೂರರಲ್ಲಿ ಎರಡು ಆಟ ಗೆದ್ದವರು ‘ರಬ್ಬರ್’ ಗೆದ್ದಂತೆ. ಆಟದ ಪರಿಭಾಷೆಯಾಗಿ ಅಲ್ಲಿ ಬಹಳ ಹಿಂದಿನಿಂದ ಇರುವ ಮಾತು ಅದು. ಬ್ರಿಜ್‌ನಲ್ಲಿ ರಬ್ಬರ್ ಎಂದರೆ ಹಲವು ಆಟಗಳು ಕೂಡಿದ ಇಡಿಯ ಲೆಕ್ಕ. ಕ್ರಿಕೆಟ್‌ನಲ್ಲೂ ಹಾಗೆಯೇ: ‘ರಬ್ಬರ್ ಗೆದ್ದರು’ ಎಂದರೆ ಟೆಸ್ಟ್ ಸರಣಿ ಗೆದ್ದರು ಎಂದರ್ಥ. ಡೇವಿಸ್ ಕಪ್‌ನಲ್ಲಿ ಮಾತ್ರ ಇದು ತಲೆಕೆಳಗು. ಇಲ್ಲಿ ರಬ್ಬರ್ ಎಂದರೆ ಇಡಿಯಲ್ಲ, ಬಿಡಿ. ಐದು ರಬ್ಬರ್ ಸೇರಿ ಒಂದು ಟೈ. ಕ್ರಿಕೆಟ್ ಓದಿ ಬೆಳೆದ ಓದುಗರ ಮುಂದೆ ‘ಮೊದಲ ರಬ್ಬರ್ ಭಾರತಕ್ಕೆ’ ಎಂದು ಬರೆದರೆ, ಇಡೀ ಸ್ಪರ್ಧೆಯೇ ಮುಗಿಯಿತೆಂದು ಅವರು ತಿಳಿದರೆ ಅದು ಅವರ ತಪ್ಪಲ್ಲ. ಆದ್ದರಿಂದ ಈ ಪದವನ್ನು ಕನ್ನಡಕ್ಕೆ ತರುವ ಅಗತ್ಯವೇ ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

‘ಪಂದ್ಯ’ ಎಂಬುದನ್ನು ರಬ್ಬರಿಗೇ ಮೀಸಲಿಡಿ. ಕಾರಣ ಸರಳ: 3–2, 4–1 ಎಂದು ನಾವು ಎಣಿಸುವುದು ಅವನ್ನೇ. ಆಟಗಾರ ಅಂಕಣಕ್ಕಿಳಿದು, ಸೆಟ್‌ಗಳನ್ನು ಆಡಿ, ಕೊನೆಗೆ ಎದುರಾಳಿಯ ಕೈಕುಲುಕುವುದು ಒಂದು ಪಂದ್ಯದಲ್ಲಿ. ವಿಂಬಲ್ಡನ್ ವರದಿಯಲ್ಲಿ ಯಾವುದಕ್ಕೆ ಪಂದ್ಯ ಎನ್ನುತ್ತೇವೋ ಡೇವಿಸ್ ಕಪ್‌ನಲ್ಲೂ ಅದಕ್ಕೇ ಪಂದ್ಯ ಎಂದರೆ ಗೊಂದಲವಿರದು.

ಇನ್ನು ಟೈ. ‘ಸರಣಿ’ ಎಂಬ ಸಲಹೆ ಆಗಾಗ ಬರುತ್ತದೆ. ಐದು ಪಂದ್ಯ, ಎರಡೇ ದೇಶ, ಒಂದೇ ಊರು. ನೋಡಲು ಸರಣಿಯಂತೆಯೇ ಇದೆ. ಆದರೆ ಟೈ ಎನ್ನುವುದು ನಾಕೌಟ್ ಟೂರ್ನಿಯ ಒಂದು ಸುತ್ತಿನ ಸ್ಪರ್ಧೆ. ‘ಕ್ವಾರ್ಟರ್‌ಫೈನಲ್ ಸರಣಿ’ ಎಂದರೆ ಕಿವಿಗೆ ಹೊಂದುವುದಿಲ್ಲ. ಸರಣಿಯಲ್ಲಿ ಸೋತವರಿಗೆ ಮುಂದಿನ ಪ್ರವಾಸವಿರುತ್ತದೆ, ಇಲ್ಲಿ ಸೋತವರು ಮನೆಗೆ. ‘ಹಣಾಹಣಿ’ ಪತ್ರಿಕೆಗಳಲ್ಲಿ ಚಾಲ್ತಿಯಲ್ಲಿದೆ. ಅದರ ತೊಡಕೆಂದರೆ ಇಬ್ಬರು ಆಟಗಾರರ ನಡುವಿನ ಬಿಗಿ ಆಟಕ್ಕೂ ಅದನ್ನೇ ಬಳಸಿ ಸವೆಸಿದ್ದೇವೆ. ನನಗೆ ಒಪ್ಪಿಗೆಯಾಗುವುದು ‘ಮುಖಾಮುಖಿ’. ‘ಭಾರತ–ಸರ್ಬಿಯಾ ಮುಖಾಮುಖಿ ಬೆಂಗಳೂರಿನಲ್ಲಿ’ ಎಂದರೆ ಅರ್ಥ ಹರಿದುಹೋಗುವುದಿಲ್ಲ. ಹಿಂದಿನ ಲೆಕ್ಕ ಕೊಡುವಾಗಲೂ, ‘ಉಭಯ ದೇಶಗಳ ಹಿಂದಿನ ಮುಖಾಮುಖಿಗಳಲ್ಲಿ’ ಎಂದರೆ ನಾವು ಎಣಿಸುತ್ತಿರುವುದು ಟೈಗಳನ್ನು, ಬಿಡಿ ಪಂದ್ಯಗಳನ್ನಲ್ಲ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಒಂದು ನಿಜವಾದ ಫಲಿತಾಂಶಕ್ಕೆ ಈ ಪದಗಳನ್ನು ಹಚ್ಚಿ ನೋಡೋಣ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ಭಾರತ ಸರ್ಬಿಯಾವನ್ನು ಎದುರಿಸಿತು. ಮೊದಲ ದಿನ ಯೂಕಿ ಭಾಂಬ್ರಿ ದುಸಾನ್ ಲಾಯೊವಿಚ್‌ಗೂ ಸೋಮದೇವ್ ದೇವವರ್ಮನ್ ಫಿಲಿಪ್ ಕ್ರಾಯಿನೊವಿಚ್‌ಗೂ ಸೋತರು: 0–2. ಎರಡನೇ ದಿನದ ಡಬಲ್ಸ್‌ನಲ್ಲಿ ಲಿಯಾಂಡರ್ ಪೇಸ್–ರೋಹನ್ ಬೋಪಣ್ಣ ಮೊದಲ ಎರಡು ಸೆಟ್ ಕಳೆದುಕೊಂಡ ಮೇಲೆ ಉಳಿದ ಮೂರನ್ನೂ ಗೆದ್ದರು: 1–2. ಮೂರನೇ ದಿನ ಸೋಮದೇವ್ ಲಾಯೊವಿಚ್‌ರನ್ನು ಐದು ಸೆಟ್‌ಗಳಲ್ಲಿ ಮಣಿಸಿದರು: 2–2. ಮಳೆಯಿಂದಾಗಿ ಸೋಮವಾರಕ್ಕೆ ಜಾರಿದ ಐದನೇ ಪಂದ್ಯದಲ್ಲಿ ಯೂಕಿ ಕ್ರಾಯಿನೊವಿಚ್‌ಗೆ ಸೋತರು. ಇಲ್ಲಿ ಪಂದ್ಯಗಳು ಐದು, ಮುಖಾಮುಖಿ ಒಂದು. ‘ಪೇಸ್–ಬೋಪಣ್ಣ ಪಂದ್ಯ ಗೆದ್ದರು, ಭಾರತ ಮುಖಾಮುಖಿಯಲ್ಲಿ ಸೋತಿತು’ ಎಂದಾಗ ಎರಡು ಅಳತೆಗಳೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ಇದೇ ಉದಾಹರಣೆಯಲ್ಲಿ ‘ರಿವರ್ಸ್ ಸಿಂಗಲ್ಸ್’ ಏನೆಂಬುದೂ ಕಾಣುತ್ತದೆ. ಮೊದಲ ದಿನ ಒಂದು ತಂಡದ ಒಂದನೇ ಆಟಗಾರ ಇನ್ನೊಂದು ತಂಡದ ಎರಡನೇ ಆಟಗಾರನನ್ನು ಎದುರಿಸುತ್ತಾನೆ. ಕೊನೆಯ ದಿನ ಎದುರಾಳಿಗಳು ಅದಲುಬದಲಾಗಿ ಒಂದನೆಯವನಿಗೆ ಒಂದನೆಯವ, ಎರಡನೆಯವನಿಗೆ ಎರಡನೆಯವ. ಕೆಲವು ವರದಿಗಳಲ್ಲಿ ಬರುವ ‘ಮರು ಸಿಂಗಲ್ಸ್’ ಎಂಬ ರೂಪ ದಾರಿ ತಪ್ಪಿಸುತ್ತದೆ. ಮರುಪಂದ್ಯ, ಮರುಮತದಾನ ಎಂದರೆ ಆಗಿದ್ದೇ ಮತ್ತೊಮ್ಮೆ ಆಗುವುದು. ಇಲ್ಲಿ ಅದೇ ಜೋಡಿ ಮತ್ತೆ ಆಡುವುದಿಲ್ಲ. ಆಡಬಾರದೆಂಬುದೇ ಇದರ ಏರ್ಪಾಡು. ಓದುಗರಿಗೆ ‘ರಿವರ್ಸ್ ಸಿಂಗಲ್ಸ್’ ಪರಿಚಿತವಾಗಿರುವುದರಿಂದ ಹಾಗೆಯೇ ಬಿಡಬಹುದು. ಕನ್ನಡವೇ ಬೇಕೆಂದರೆ ‘ಅದಲುಬದಲು ಸಿಂಗಲ್ಸ್’ ಎನ್ನಿ. ನಾಯಕ ಕೊನೆಯ ದಿನ ಆಟಗಾರನನ್ನೇ ಬದಲಿಸಿದಾಗ ಮಾತ್ರ ಹೆಸರುಗಳು ಈ ಸೂತ್ರಕ್ಕೆ ಹೊಂದುವುದಿಲ್ಲ, ಅದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಬೇಕು.

‘ಡೆಡ್ ರಬ್ಬರ್’ಗೆ, ಅಂದರೆ ಟೈ ಯಾರದೆಂದು ತೀರ್ಮಾನವಾದ ಮೇಲೂ ಆಡುವ ಪಂದ್ಯಕ್ಕೆ, ಹೊಸ ಪದ ಹುಡುಕುವ ಕಷ್ಟವೇ ಬೇಡ. ನಮ್ಮ ಮಕ್ಕಳ ಆಟದ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತು ಇದಕ್ಕೆಂದೇ ಹುಟ್ಟಿದಂತಿದೆ. ‘ಲೆಕ್ಕಕ್ಕಿಲ್ಲದ ಪಂದ್ಯ’ ಎಂದರೆ ಸಾಕು. ಒಂದು ಎಚ್ಚರಿಕೆ: ಫಲಿತಾಂಶ ಬದಲಾಗದಿದ್ದರೂ ಅಂಕಿಗೆ ಇದು ಸೇರುತ್ತದೆ. 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ನಡೆದ ಉಜ್ಬೇಕಿಸ್ತಾನ ವಿರುದ್ಧದ ಮುಖಾಮುಖಿಯನ್ನು ಭಾರತ ಎರಡನೇ ದಿನದ ಡಬಲ್ಸ್‌ನೊಂದಿಗೆ 3–0ರಿಂದ ಗೆದ್ದಾಗಿತ್ತು. ಕೊನೆಯ ದಿನದ ಎರಡು ಸಿಂಗಲ್ಸ್‌ನಲ್ಲಿ ಒಂದನ್ನು ಗೆದ್ದು ಒಂದನ್ನು ಸೋತು ಅಂತಿಮ ಅಂಕಿ 4–1 ಆಯಿತು. ಶನಿವಾರದ ವರದಿಯ 3–0, ಭಾನುವಾರದ ವರದಿಯ 4–1 ಎರಡೂ ಸರಿಯೇ. ‘ಔಪಚಾರಿಕ ಪಂದ್ಯ’ ಎಂದೂ ಬರೆಯುತ್ತಾರೆ. ಅದು ತಪ್ಪಲ್ಲ, ಆದರೆ ನೇರ ಆಡುಮಾತು ಇರುವಾಗ ಆ ಪದದ ಬಿಗುಮಾನ ಏಕೆ?

‘ಡ್ರಾ’ ಪದಕ್ಕೂ ಟೈನದೇ ಗತಿ. ಆಟದ ಹಿಂದಿನ ದಿನ ಚೀಟಿ ಎತ್ತಿ ಯಾರ ಸಿಂಗಲ್ಸ್ ಮೊದಲು ಎಂದು ನಿರ್ಧರಿಸುವುದು ರೂಢಿ. ‘ಭಾರತ–ಉಜ್ಬೇಕಿಸ್ತಾನ ಡ್ರಾ ಇಂದು’ ಎಂಬ ಶೀರ್ಷಿಕೆ ಎಷ್ಟು ಅಪಾಯಕಾರಿ ನೋಡಿ. ‘ಡ್ರಾ ಪ್ರಕ್ರಿಯೆ’ ಅಥವಾ ‘ಚೀಟಿ ಎತ್ತುವಿಕೆ’ ಎಂದರೆ ಕೆಡುವುದಿಲ್ಲ. ಡೇವಿಸ್ ಕಪ್ ಮುಖಾಮುಖಿ ಸಮಬಲದಲ್ಲಿ ಮುಗಿಯಲು ಸಾಧ್ಯವೇ ಇಲ್ಲ. ಪಂದ್ಯಗಳ ಸಂಖ್ಯೆಯನ್ನು ಬೆಸವಾಗಿ ಇಟ್ಟಿರುವುದೇ ಅದಕ್ಕಾಗಿ.

‘ಆಡದ ನಾಯಕ’ ಎಂಬುದಕ್ಕಿಂತ ‘ಆಟವಾಡದ ನಾಯಕ’ ವಾಸಿ. ಆಡದ ಎಂದರೆ ಈ ಸಲ ಗಾಯದಿಂದಲೋ ಫಾರ್ಮ್ ಇಲ್ಲದೆಯೋ ಹೊರಗುಳಿದವ ಎಂದೂ ಆಗುತ್ತದೆ. ಇದು ಹುದ್ದೆಯ ಹೆಸರು: ಅಂಕಣದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಬದಿ ಬದಲಿಸುವ ವಿರಾಮದಲ್ಲಿ ಆಟಗಾರನಿಗೆ ಸಲಹೆ ಕೊಡುವವರು. 2017ರಲ್ಲಿ ಮಹೇಶ್ ಭೂಪತಿ ಹಾಗಿದ್ದರು. 1987ರಲ್ಲಿ ವಿಜಯ್ ಅಮೃತರಾಜ್ ನಾಯಕರೂ ಹೌದು, ಆಟಗಾರರೂ ಹೌದು; ಅವರನ್ನು ಆಟವಾಡದ ನಾಯಕ ಎನ್ನುವಂತಿಲ್ಲ.

ಇನ್ನೊಬ್ಬರ ಸೇರ್ಪಡೆ

ಮೇಲಿನ ವಿವರಣೆ ಒಪ್ಪುವಂಥದು. ಒಂದೇ ತಿದ್ದುಪಡಿ. ‘ಮುಖಾಮುಖಿ’ ನಾಮಪದವಾಗಿ ಚೆನ್ನಾಗಿದೆ, ‘ಮುಖಾಮುಖಿಯನ್ನು ಗೆದ್ದಿತು’ ಎಂದು ಕ್ರಿಯಾಪದ ಸೇರಿದಾಗ ಸೊರಗುತ್ತದೆ. ಅಂಥ ಕಡೆ ಆ ನಾಮಪದವನ್ನೇ ಬಿಟ್ಟುಬಿಡಿ. ‘ಭಾರತ ಸರ್ಬಿಯಾಗೆ 2–3ರಿಂದ ಮಣಿಯಿತು’ ಎನ್ನಿ. ದೇಶದ ಹೆಸರು ಕರ್ತೃವಾದರೆ ಟೈ, ಆಟಗಾರನ ಹೆಸರು ಕರ್ತೃವಾದರೆ ಪಂದ್ಯ. ವ್ಯಾಕರಣವೇ ಕೆಲಸ ಮಾಡಿಕೊಡುತ್ತದೆ. ಅಂಕಿಯ ಕ್ರಮವನ್ನೂ ಗಮನಿಸಿ. ಕರ್ತೃವಿನ ಅಂಕಿ ಮೊದಲು ಬರಬೇಕು: ಭಾರತ 2–3ರಿಂದ ಸೋತಿತು, ಸರ್ಬಿಯಾ 3–2ರಿಂದ ಗೆದ್ದಿತು. ‘ಭಾರತ 3–2ರಿಂದ ಸೋತಿತು’ ಎಂಬುದು ಇಂಗ್ಲಿಷ್ ಪ್ರತಿಯಿಂದ ನೇರವಾಗಿ ಇಳಿದದ್ದು.

ಅಂಕಿಗಳ ಬಗ್ಗೆ ಇನ್ನೊಂದು ಮಾತು. 2019ರಿಂದ ಅಂತಿಮ ಘಟ್ಟದ ಮುಖಾಮುಖಿಗಳಲ್ಲಿ ಐದಲ್ಲ, ಮೂರೇ ಪಂದ್ಯ: ಎರಡು ಸಿಂಗಲ್ಸ್, ಒಂದು ಡಬಲ್ಸ್. ಐದು ಸೆಟ್‌ಗಳೂ ಹೋಗಿ ಮೂರು ಸೆಟ್‌ಗಳಿಗೆ ಇಳಿದಿವೆ. ಆ ವರ್ಷ ಮ್ಯಾಡ್ರಿಡ್‌ನಲ್ಲಿ ಸ್ಪೇನ್ ಕೆನಡಾವನ್ನು 2–0ಯಿಂದ ಸೋಲಿಸಿ ಕಪ್ ಗೆದ್ದಿತು. ಓದುಗರು ಈ 2–0ಯನ್ನು ಸೆಟ್‌ಗಳ ಲೆಕ್ಕ ಎಂದುಕೊಳ್ಳುವ ಸಂಭವ ಹೆಚ್ಚು. ‘ಎರಡೂ ಸಿಂಗಲ್ಸ್ ಗೆದ್ದು’ ಎಂಬ ಎರಡು ಮೂರು ಪದ ಸೇರಿಸಿದರೆ ಆ ಸಂದೇಹ ತೀರುತ್ತದೆ.

ದಾಖಲೆಗಳನ್ನು ಬರೆಯುವಾಗಲೂ ಅಳತೆ ಹೇಳಲೇಬೇಕು. 2018ರ ಏಪ್ರಿಲ್‌ನಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಜತೆಗೂಡಿ ಗೆದ್ದ ಪೇಸ್, ಇಟಲಿಯ ನಿಕೊಲಾ ಪಿಯೆಟ್ರಾಂಜೆಲಿ ಅವರ 42ನ್ನು ದಾಟಿ 43ಕ್ಕೆ ತಲುಪಿದರು. ಇದು ಡಬಲ್ಸ್ ಪಂದ್ಯಗಳ ಲೆಕ್ಕ. ‘ಡೇವಿಸ್ ಕಪ್‌ನಲ್ಲಿ ಅತಿ ಹೆಚ್ಚು ಗೆಲುವು’ ಎಂದಷ್ಟೇ ಬರೆದರೆ ತಪ್ಪಾಗುತ್ತದೆ. ಸಿಂಗಲ್ಸ್ ಕೂಡಿಸಿದರೆ ಪಿಯೆಟ್ರಾಂಜೆಲಿ ಅವರದು 120. ಒಂದು ಮುಖಾಮುಖಿಯಲ್ಲಿ ಡಬಲ್ಸ್ ಒಂದೇ ಇರುವುದರಿಂದ ಪೇಸ್ ಅವರ 43 ಗೆಲುವುಗಳು 43 ಬೇರೆ ಬೇರೆ ಮುಖಾಮುಖಿಗಳಲ್ಲಿ ಬಂದವು ಎಂಬುದನ್ನು ನೆನೆದರೆ ಆ ಸಂಖ್ಯೆಯ ಭಾರ ತಿಳಿಯುತ್ತದೆ.

‘ಭಾರತ ಮೂರು ಬಾರಿ ಫೈನಲ್‌ನಲ್ಲಿ ಸೋತಿದೆ’ ಎಂಬ ಸಾಲು ಪ್ರತಿ ಸಲವೂ ಕಾಣಿಸಿಕೊಳ್ಳುತ್ತದೆ. ಇದನ್ನು ದಯವಿಟ್ಟು ಬಿಡಬೇಕು. 1966ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ಆಸ್ಟ್ರೇಲಿಯಾಗೆ 1–4ರಿಂದ ಸೋತದ್ದು ‘ಚಾಲೆಂಜ್ ರೌಂಡ್’ನಲ್ಲಿ. ಆಗಿನ ನಿಯಮದಂತೆ ಹಿಂದಿನ ವರ್ಷದ ಚಾಂಪಿಯನ್ ಬೇರಾವ ಸುತ್ತನ್ನೂ ಆಡದೆ ತವರಿನಲ್ಲಿ ಕಾಯುತ್ತಿತ್ತು. ಉಳಿದವರೆಲ್ಲರನ್ನೂ ಸೋಲಿಸಿ ಬಂದ ತಂಡ ಅದಕ್ಕೆ ಸವಾಲು ಹಾಕುತ್ತಿತ್ತು. 1972ರಿಂದ ಆ ಪದ್ಧತಿ ಇಲ್ಲ. 1987ರಲ್ಲಿ ಗೋಥೆನ್‌ಬರ್ಗ್‌ನ ಒಳಾಂಗಣದ ಆವೆಮಣ್ಣಿನ ಅಂಕಣದಲ್ಲಿ ಸ್ವೀಡನ್ ಎದುರು 0–5ರ ಸೋಲು ನಿಜವಾದ ಫೈನಲ್ ಸೋಲು. ಹುಲ್ಲಿನಂಕಣದಲ್ಲಿ ಪಳಗಿದ ನಮ್ಮವರ ಎದುರು ಆವೆಮಣ್ಣನ್ನು ಆರಿಸಿಕೊಳ್ಳುವ ಹಕ್ಕು ಆತಿಥೇಯರಿಗಿತ್ತು. ಆದರೆ 1974ರಲ್ಲಿ ಭಾರತ ಸೋಲಲಿಲ್ಲ. ವರ್ಣಭೇದ ನೀತಿಯನ್ನು ವಿರೋಧಿಸಿ ದಕ್ಷಿಣ ಆಫ್ರಿಕಾದೊಂದಿಗೆ ಫೈನಲ್ ಆಡಲು ನಿರಾಕರಿಸಿತು, ಕಪ್ ವಾಕ್‌ಓವರ್‌ನಲ್ಲಿ ಆ ದೇಶಕ್ಕೆ ಹೋಯಿತು. ಗೆಲ್ಲುವ ಅವಕಾಶವಿದ್ದ ತಂಡ ತತ್ವಕ್ಕಾಗಿ ಬಿಟ್ಟುಕೊಟ್ಟದ್ದನ್ನು ಸೋಲಿನ ಪಟ್ಟಿಗೆ ಸೇರಿಸುವುದು ಆ ಆಟಗಾರರಿಗೆ ಮಾಡುವ ಅನ್ಯಾಯ. ‘ಮೂರು ಬಾರಿ ಅಂತಿಮ ಸುತ್ತು ತಲುಪಿದೆ’ ಎಂದರೆ ಮೂರಕ್ಕೂ ಸಲ್ಲುತ್ತದೆ.

ಕೊನೆಯದಾಗಿ ‘ವಿಶ್ವ ಗುಂಪು’. 1981ರಿಂದ 2018ರವರೆಗೆ ಈ ಹೆಸರು ಅಗ್ರ 16 ದೇಶಗಳ ವಿಭಾಗಕ್ಕಿತ್ತು. 2014ರ ಬೆಂಗಳೂರು ಮುಖಾಮುಖಿ ಆ ವಿಭಾಗಕ್ಕೆ ಏರುವ ಪ್ಲೇಆಫ್ ಆಗಿತ್ತು. ಈಗಿನ ವ್ಯವಸ್ಥೆಯಲ್ಲಿ ಮೇಲೆ ಫೈನಲ್ಸ್, ಅದರ ಕೆಳಗೆ ಅರ್ಹತಾ ಸುತ್ತುಗಳು, ಅದರ ಕೆಳಗೆ ವಿಶ್ವ ಗುಂಪು 1, ಮತ್ತೂ ಕೆಳಗೆ ವಿಶ್ವ ಗುಂಪು 2. ಬೋಪಣ್ಣ ತಮ್ಮ ಕೊನೆಯ ಡೇವಿಸ್ ಕಪ್ ಪಂದ್ಯವನ್ನು 2023ರಲ್ಲಿ ಲಖನೌದಲ್ಲಿ ಮೊರಾಕ್ಕೊ ವಿರುದ್ಧ ಆಡಿ ಗೆದ್ದದ್ದು ಈ ವಿಶ್ವ ಗುಂಪು 2ರಲ್ಲಿ. ಹೀಗಾಗಿ ‘ವಿಶ್ವ ಗುಂಪಿಗೆ ಭಾರತ’ ಎಂಬ ಶೀರ್ಷಿಕೆ 2010ರಲ್ಲಿ ಹೇಳುತ್ತಿದ್ದುದೇ ಬೇರೆ, ಇಂದು ಹೇಳುವುದೇ ಬೇರೆ. ಸಂಖ್ಯೆಯನ್ನು ಬಿಡದೆ ‘ವಿಶ್ವ ಗುಂಪು 1’ ಎಂದೇ ಬರೆಯಿರಿ. ಹಳೆಯದನ್ನು ಕುರಿತು ಬರೆಯುವಾಗ ‘ಆಗಿನ 16 ದೇಶಗಳ ವಿಶ್ವ ಗುಂಪು’ ಎಂದು ಬಿಡಿಸಿ ಹೇಳಿ.