ಅಪ್‌ಡೇಟ್: ಮಗಳ ಬ್ರಾಂಜ್ ಕ್ಯಾಂಪ್ ಮುಗಿಯಿತು

ಹೋದ ತಿಂಗಳು ಕೇಳಿದ್ದೆ. ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡ್ ಅನ್ನೋ ಯುವಜನರ ಕಾರ್ಯಕ್ರಮದ ಮೊದಲ ಹಂತವಾದ ಬ್ರಾಂಜ್‌ಗೆ ಮಗಳು ಬ್ಯಾಗ್ ಹೊತ್ತು ನಡೆಯುತ್ತಾ 2 ಹಗಲು, 1 ರಾತ್ರಿ ಹೊರಗಿರಬೇಕು, ಬ್ಯಾಗ್ 14 ಕೆಜಿ ಆಗಿದೆ, ಏನು ಮಾಡಲಿ ಅಂತ. ನಿನ್ನೆ ಸಂಜೆ ವಾಪಸ್ ಬಂದಳು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೈತೂಕದ ಕಾಲು ಭಾಗಕ್ಕಿಂತ ಜಾಸ್ತಿ ಹೊರಬಾರದು ಅಂದಿದ್ರಿ. ಅವಳು 44 ಕೆಜಿ. ಬ್ಯಾಗ್‌ನಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಸುರಿದು 11ಕ್ಕೆ ಇಳಿಸಿದೆವು. ಟೆಂಟ್‌ನ ಬಟ್ಟೆ, ಕಂಬಿ, ಗೂಟಗಳನ್ನು ಬೇರೆ ಮಾಡಿ ಮೂವರು ಹುಡುಗಿಯರು ಹಂಚಿಕೊಂಡರು. ಜಾಸ್ತಿ ಭಾರ ಇಳಿದದ್ದು ಅದರಿಂದಲೇ.

ಮೊದಲ ದಿನ ದಾರಿ ತಪ್ಪಿತು. ಮೇಲ್ವಿಚಾರಕರು ದೂರದಲ್ಲೇ ಇರುತ್ತಾರೆ, ಮಕ್ಕಳೇ ದಾರಿ ನೋಡಿಕೊಳ್ಳಬೇಕು ಅಲ್ವಾ? ಗಾಬರಿಯಲ್ಲಿ ಮುಂದೆ ಮುಂದೆ ಹೋಗಲಿಲ್ಲ. ಕೊನೆಯದಾಗಿ ಖಚಿತವಾಗಿ ಗುರುತಿಸಿದ್ದ ಸೇತುವೆಗೆ ವಾಪಸ್ ನಡೆದರು. ಅಲ್ಲಿ ಕೂತು, ದಿಕ್ಸೂಚಿ ಇಟ್ಟು ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿ ಮತ್ತೆ ದಾರಿ ಹುಡುಕಿದರಂತೆ. ಒಂದು ಗಂಟೆ ಹೋಯಿತು. ಆದರೆ ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು!

ರಾತ್ರಿ ಮಳೆ. ಸ್ಲೀಪಿಂಗ್ ಬ್ಯಾಗ್ ಪ್ಲಾಸ್ಟಿಕ್ ಚೀಲದಲ್ಲಿ ಇತ್ತು, ಹಾಗಾಗಿ ಉಳಿಯಿತು. ಹಿಮ್ಮಡಿಯಲ್ಲಿ ಒಂದು ಬೊಬ್ಬೆ ಎದ್ದಿದೆ. ಶೂ ಉಜ್ಜಲು ಶುರುವಾದಾಗಲೇ ನಿಂತು ಟೇಪ್ ಹಾಕಬೇಕಿತ್ತು.

ಮುಂದಿನ ಹಂತ ಸಿಲ್ವರ್‌ಗೆ 3 ಹಗಲು, 2 ರಾತ್ರಿ. ಈಗಲೇ ಹೆಸರು ಕೊಡ್ತೀನಿ ಅನ್ನುತ್ತಿದ್ದಾಳೆ.